ಜಿಮ್ಮಿ ಕ್ವಿನ್: ಸೆಲ್ಟಿಕ್‌ನ ಸೆಂಟರ್ ಫಾರ್ವರ್ಡ್ ಮತ್ತು ‘ಓಲ್ಡ್ ಫರ್ಮ್’ ಪೈಪೋಟಿಯ ಬೆಳವಣಿಗೆ, 1901–1915

ಜಿಮ್ಮಿ ಕ್ವಿನ್ (1878–1945) ಇಪ್ಪತ್ತನೆಯ ಶತಮಾನದ ಮೊದಲ ಒಂದೂವರೆ ದಶಕದಲ್ಲಿ ಗ್ಲಾಸ್ಗೋ ನಗರದ ಸೆಲ್ಟಿಕ್ ಕ್ಲಬ್ಬಿಗೆ ಆಡಿದ ಸೆಂಟರ್ ಫಾರ್ವರ್ಡ್. 1901ರ ಜನವರಿಯಿಂದ 1915ರವರೆಗೆ ಬೇರೆ ಯಾವ ಕ್ಲಬ್ಬಿಗೂ ಹೋಗದೆ ಅಲ್ಲಿಯೇ ಉಳಿದ ಅವರು ಸ್ಕಾಟಿಷ್ ಲೀಗ್‌ನ 273 ಪಂದ್ಯಗಳಲ್ಲಿ 187 ಗೋಲು ಹೊಡೆದರು. ಕಪ್ ಪಂದ್ಯಗಳನ್ನೂ ಸೇರಿಸಿದರೆ ಈ ಸಂಖ್ಯೆ ಇನ್ನೂರನ್ನು ದಾಟುತ್ತದೆ. ಸ್ಕಾಟ್ಲೆಂಡ್ ತಂಡದ ಪರವಾಗಿ 11 ಪಂದ್ಯ ಆಡಿ 7 ಗೋಲು ಗಳಿಸಿದರು. ಆದರೆ ಗೋಲುಗಳ ಲೆಕ್ಕವೊಂದರಿಂದಲೇ ಅವರ ಮಹತ್ವ ತಿಳಿಯುವುದಿಲ್ಲ. ಸೆಲ್ಟಿಕ್ ಮತ್ತು ರೇಂಜರ್ಸ್ ಕ್ಲಬ್ಬುಗಳ ನಡುವಿನ ಪೈಪೋಟಿ ಸ್ಕಾಟ್ಲೆಂಡಿನ ಫುಟ್‌ಬಾಲನ್ನೇ ಆಳುವಷ್ಟು ಬೆಳೆದದ್ದು ಇದೇ ಕಾಲದಲ್ಲಿ. 1902, 1904, 1905, 1907, 1909 – ಆ ಬೆಳವಣಿಗೆಯ ಒಂದೊಂದು ತಿರುವಿನಲ್ಲೂ ಕ್ವಿನ್ ಮೈದಾನದಲ್ಲಿದ್ದರು; ಹಲವು ಬಾರಿ ಆ ತಿರುವಿಗೆ ಅವರೇ ಕಾರಣರಾದರು.

ಹಿನ್ನೆಲೆ: ಕ್ರೋಯ್ ಮತ್ತು ಸೆಲ್ಟಿಕ್

ಕ್ವಿನ್ ಹುಟ್ಟಿದ್ದು 1878ರ ಜುಲೈ 8ರಂದು, ಕ್ರೋಯ್ ಎಂಬ ಊರಿನಲ್ಲಿ. ಗ್ಲಾಸ್ಗೋದ ಈಶಾನ್ಯಕ್ಕೆ, ಕಿಲ್ಸಿತ್ ಪಟ್ಟಣದ ಬಳಿ ಇರುವ ಈ ಸಣ್ಣ ಊರು ಆಗ ಕಲ್ಲಿದ್ದಲ ಗಣಿಗಳನ್ನೂ ಕಲ್ಲುಕ್ವಾರಿಗಳನ್ನೂ ನೆಚ್ಚಿಕೊಂಡಿತ್ತು. ಅಲ್ಲಿನ ಕುಟುಂಬಗಳಲ್ಲಿ ಬಹುಪಾಲು ಐರ್ಲೆಂಡಿನಿಂದ ಕೂಲಿ ಅರಸಿ ಬಂದ ಕ್ಯಾಥೊಲಿಕರವು. ಕ್ವಿನ್ ಕುಟುಂಬವೂ ಅಂಥದ್ದೇ. ಹುಡುಗರು ಶಾಲೆ ಬಿಟ್ಟ ಕೂಡಲೇ ಗಣಿಗಿಳಿಯುವುದು ರೂಢಿಯಾಗಿತ್ತು. ಕ್ವಿನ್ ಕೂಡ ಗಣಿ ಕೆಲಸಗಾರರೇ ಆಗಿದ್ದರು, ಬಿಡುವಿನ ವೇಳೆಯಲ್ಲಿ ಸ್ಥಳೀಯ ತಂಡಕ್ಕೆ ಆಡುತ್ತಿದ್ದರು.

ಸೆಲ್ಟಿಕ್ ಕ್ಲಬ್ ಹುಟ್ಟಿದ್ದೂ ಇದೇ ಸಮುದಾಯದ ನಡುವೆ. ಗ್ಲಾಸ್ಗೋದ ಪೂರ್ವ ಭಾಗದಲ್ಲಿದ್ದ ಬಡ ಐರಿಷ್ ಕುಟುಂಬಗಳ ಮಕ್ಕಳಿಗೆ ಊಟ ಹಾಕಲು ಹಣ ಕೂಡಿಸುವ ಉದ್ದೇಶದಿಂದ ಬ್ರದರ್ ವಾಲ್‌ಫ್ರಿಡ್ ಎಂಬ ಧರ್ಮಸೋದರರು ಮುಂದಾಳಾಗಿ 1887ರಲ್ಲಿ ಅದನ್ನು ಕಟ್ಟಿದರು. 1888ರ ಮೇ 28ರಂದು ನಡೆದ ಅದರ ಮೊದಲ ಪಂದ್ಯದ ಎದುರಾಳಿ ರೇಂಜರ್ಸ್. 1893ರಲ್ಲಿ ಸ್ಕಾಟ್ಲೆಂಡಿನಲ್ಲಿ ವೃತ್ತಿಪರ ಆಟಕ್ಕೆ ಅನುಮತಿ ದೊರೆಯಿತು. 1897ರಲ್ಲಿ ಸೆಲ್ಟಿಕ್, 1899ರಲ್ಲಿ ರೇಂಜರ್ಸ್ ಷೇರುದಾರರ ಕಂಪನಿಗಳಾದವು. ದಾನಧರ್ಮಕ್ಕಾಗಿ ಹುಟ್ಟಿದ ಕ್ಲಬ್ ಹೀಗೆ ಹತ್ತೇ ವರ್ಷಗಳಲ್ಲಿ ವ್ಯವಹಾರದ ಸಂಸ್ಥೆಯಾಯಿತು. ಸಂಬಳದ ವಿಷಯದಲ್ಲಿ ಸ್ಕಾಟ್ಲೆಂಡಿಗೂ ಇಂಗ್ಲೆಂಡಿಗೂ ಒಂದು ಮುಖ್ಯ ವ್ಯತ್ಯಾಸವಿತ್ತು. 1901ರಿಂದ ಇಂಗ್ಲೆಂಡಿನಲ್ಲಿ ಆಟಗಾರನಿಗೆ ವಾರಕ್ಕೆ 4 ಪೌಂಡಿಗಿಂತ ಹೆಚ್ಚು ಕೊಡುವಂತಿರಲಿಲ್ಲ. ಸ್ಕಾಟ್ಲೆಂಡಿನಲ್ಲಿ ಅಂಥ ಮಿತಿ ಇರಲಿಲ್ಲ. ಗ್ಲಾಸ್ಗೋದ ದೊಡ್ಡ ಕ್ಲಬ್ಬುಗಳು ತಮ್ಮ ಉತ್ತಮ ಆಟಗಾರರನ್ನು ಉಳಿಸಿಕೊಳ್ಳಲು ಇದು ನೆರವಾಯಿತು.

ಆ ಕಾಲದ ಆಟ

ಕ್ವಿನ್ ಆಡಿದ ರೀತಿ ಅರ್ಥವಾಗಬೇಕಾದರೆ ಆಗಿನ ನಿಯಮಗಳನ್ನು ಗಮನಿಸಬೇಕು. ತಂಡಗಳು ಇಬ್ಬರು ಫುಲ್‌ಬ್ಯಾಕ್, ಮೂವರು ಹಾಫ್‌ಬ್ಯಾಕ್, ಐವರು ಫಾರ್ವರ್ಡ್ ಎಂಬ ಜೋಡಣೆಯಲ್ಲಿ ಕಣಕ್ಕಿಳಿಯುತ್ತಿದ್ದವು. ಫಾರ್ವರ್ಡ್ ಸಾಲಿನ ನಟ್ಟನಡುವೆ ನಿಲ್ಲುವವನೇ ಸೆಂಟರ್ ಫಾರ್ವರ್ಡ್. ಸಹ ಆಟಗಾರ ಚೆಂಡನ್ನು ಒದ್ದ ಕ್ಷಣದಲ್ಲಿ ಅವನಿಗೂ ಎದುರಾಳಿಯ ಗೋಲ್‌ಲೈನಿಗೂ ನಡುವೆ ಕನಿಷ್ಠ ಮೂವರು ಎದುರಾಳಿಗಳಿರದಿದ್ದರೆ ಅದು ಆಫ್‌ಸೈಡ್. 1925ರಲ್ಲಿ ಈ ಸಂಖ್ಯೆ ಎರಡಕ್ಕೆ ಇಳಿಯುವವರೆಗೂ ಫುಲ್‌ಬ್ಯಾಕ್‌ಗಳ ಬೆನ್ನ ಹಿಂದೆ ಹೊಂಚುಹಾಕಿ ಚೆಂಡಿಗೆ ಕಾಯುವುದು ಸಾಧ್ಯವಿರಲಿಲ್ಲ. ಚೆಂಡನ್ನು ಕಾಲಲ್ಲಿಟ್ಟುಕೊಂಡೇ ಅವರ ನಡುವೆ ನುಗ್ಗಿ ಹೋಗಬೇಕಿತ್ತು.

ಭುಜದಿಂದ ಗುದ್ದುವುದು ನ್ಯಾಯವಾದ ಆಟವೇ ಆಗಿತ್ತು. ಚೆಂಡು ಹಿಡಿದ ಗೋಲ್‌ಕೀಪರನನ್ನೂ ಭುಜ ಕೊಟ್ಟು ತಳ್ಳಬಹುದಿತ್ತು. ಹೊಲಿಗೆಯ ಬಾಯಿಗೆ ದಾರ ಬಿಗಿದ ತೊಗಲಿನ ಚೆಂಡು ಮಳೆಯಲ್ಲಿ ನೀರು ಹೀರಿ ಭಾರವಾಗುತ್ತಿತ್ತು. ಗಾಯಗೊಂಡವನ ಬದಲಿಗೆ ಇನ್ನೊಬ್ಬನನ್ನು ಇಳಿಸುವ ಪದ್ಧತಿ ಇರಲಿಲ್ಲವಾದ್ದರಿಂದ ಕುಂಟುತ್ತಲಾದರೂ ಆಟ ಮುಗಿಸಬೇಕಿತ್ತು. ಅಗಲ ಭುಜದ, ಗಟ್ಟಿ ಮೈಕಟ್ಟಿನ ಕ್ವಿನ್ ಇಂಥ ಆಟಕ್ಕೆ ಹೇಳಿ ಮಾಡಿಸಿದಂತಿದ್ದರು. ಅದೇ ಮೈಕಟ್ಟು ಎದುರಾಳಿಗಳ ಒದೆತಕ್ಕೂ ರೆಫರಿಗಳ ಅನುಮಾನಕ್ಕೂ ಅವರನ್ನು ಗುರಿಮಾಡಿತು.

ಎಡ ಅಂಚಿನಿಂದ ನಡುವಿಗೆ

1897ರಿಂದ ಸೆಲ್ಟಿಕ್‌ನ ಕಾರ್ಯದರ್ಶಿ ಹಾಗೂ ಮ್ಯಾನೇಜರ್ ಆಗಿದ್ದ ವಿಲ್ಲಿ ಮೇಲಿ ಅವರು ಬೇರೆ ಕ್ಲಬ್ಬುಗಳ ಹೆಸರಾಂತ ಆಟಗಾರರನ್ನು ಕೊಳ್ಳುವುದಕ್ಕಿಂತ ಸಣ್ಣ ಊರುಗಳ ತಂಡಗಳಿಂದ ಹುಡುಗರನ್ನು ಆರಿಸಿ ಪಳಗಿಸುವ ದಾರಿ ಹಿಡಿದಿದ್ದರು. 1901ರ ಜನವರಿಯಲ್ಲಿ ಕ್ವಿನ್ ಅವರನ್ನು ಕರೆತಂದವರೂ ಅವರೇ. ಮಿತಭಾಷಿಯಾಗಿದ್ದ ಈ ಗಣಿ ಕೆಲಸಗಾರರನ್ನು ಮೊದಲು ಆಡಿಸಿದ್ದು ಎಡ ಅಂಚಿನಲ್ಲಿ, ಔಟ್‌ಸೈಡ್ ಲೆಫ್ಟ್ ಸ್ಥಾನದಲ್ಲಿ. ಆರಂಭದ ವರ್ಷಗಳು ಸಾಧಾರಣವಾಗಿದ್ದವು. ಕ್ಲಬ್ಬಿನ ಸ್ಥಿತಿಯೂ ಚೆನ್ನಾಗಿರಲಿಲ್ಲ: 1901ರ ಸ್ಕಾಟಿಷ್ ಕಪ್ ಫೈನಲ್‌ನಲ್ಲಿ ಹಾರ್ಟ್ಸ್ ಎದುರು, 1902ರ ಫೈನಲ್‌ನಲ್ಲಿ ಹಿಬರ್ನಿಯನ್ ಎದುರು ಸೆಲ್ಟಿಕ್ ಸೋತಿತು. ಲೀಗ್ ಪ್ರಶಸ್ತಿ 1899ರಿಂದ 1902ರವರೆಗೆ ನಾಲ್ಕು ಬಾರಿಯೂ ರೇಂಜರ್ಸ್ ಪಾಲಾಯಿತು.

1902ರ ಏಪ್ರಿಲ್ 5ರಂದು ರೇಂಜರ್ಸ್‌ನ ಐಬ್ರಾಕ್ಸ್ ಮೈದಾನದಲ್ಲಿ ಸ್ಕಾಟ್ಲೆಂಡ್–ಇಂಗ್ಲೆಂಡ್ ಪಂದ್ಯ ನಡೆಯುತ್ತಿದ್ದಾಗ ಮರದ ಹಲಗೆಗಳ ನಿಲುಗಟ್ಟೆಯ ಒಂದು ಭಾಗ ಕುಸಿದು 25 ಜನ ಸತ್ತರು. ಸಂತ್ರಸ್ತರಿಗೆ ನಿಧಿ ಕೂಡಿಸಲು ಎರಡೂ ದೇಶಗಳ ಪ್ರಮುಖ ಕ್ಲಬ್ಬುಗಳ ನಡುವೆ ಒಂದು ಪಂದ್ಯಾವಳಿ ಏರ್ಪಟ್ಟಿತು. 1901ರ ಗ್ಲಾಸ್ಗೋ ವಸ್ತುಪ್ರದರ್ಶನದ ಅಂಗವಾಗಿ ತಾನು ಗೆದ್ದಿದ್ದ ಕಪ್ಪನ್ನೇ ರೇಂಜರ್ಸ್ ಇದರ ಬಹುಮಾನವಾಗಿ ಇಟ್ಟಿತು. ಸಂಡರ್ಲೆಂಡನ್ನು ಸೋಲಿಸಿದ ಸೆಲ್ಟಿಕ್, ಎವರ್ಟನ್ನನ್ನು ಸೋಲಿಸಿದ ರೇಂಜರ್ಸ್ ಜೂನ್ 17ರಂದು ಕ್ಯಾತ್ಕಿನ್ ಪಾರ್ಕ್‌ನಲ್ಲಿ ಎದುರುಬದುರಾದವು. ಹೆಚ್ಚುವರಿ ಅವಧಿಗೆ ಹೋದ ಆಟವನ್ನು ಸೆಲ್ಟಿಕ್ 3–2ರಿಂದ ಗೆದ್ದಿತು. ಮೂರು ಗೋಲೂ ಕ್ವಿನ್ ಅವರವೇ, ಗೆಲುವಿನ ಗೋಲು ಬಂದದ್ದು ಕೊನೆಯ ಗಳಿಗೆಯಲ್ಲಿ. ಹಾಗಿದ್ದೂ ಸೆಂಟರ್ ಫಾರ್ವರ್ಡ್ ಸ್ಥಾನ ಅವರಿಗೆ ಗಟ್ಟಿಯಾಗಲು ಇನ್ನೆರಡು ವರ್ಷ ಹಿಡಿಯಿತು.

1904ರ ಫೈನಲ್

ಆ ಅವಕಾಶ ಒದಗಿಸಿದ್ದೂ ಒಂದು ರೀತಿಯಲ್ಲಿ ರೇಂಜರ್ಸ್ ಕ್ಲಬ್ಬೇ. 1904ರ ಏಪ್ರಿಲ್ 16ರಂದು, ಹಿಂದಿನ ಅಕ್ಟೋಬರ್‌ನಲ್ಲಷ್ಟೇ ತೆರೆದಿದ್ದ ಹೊಸ ಹ್ಯಾಂಪ್ಡನ್ ಪಾರ್ಕ್‌ನಲ್ಲಿ ಸ್ಕಾಟಿಷ್ ಕಪ್ ಫೈನಲ್ ನಿಗದಿಯಾಗಿತ್ತು. ಸೆಲ್ಟಿಕ್‌ನ ಸೆಂಟರ್ ಫಾರ್ವರ್ಡ್ ಅಲೆಕ್ ಬೆನೆಟ್ ರೇಂಜರ್ಸ್ ಸೇರಲಿದ್ದಾರೆ ಎಂಬ ಸುದ್ದಿ ಹಬ್ಬಿತ್ತು. ಅವರು ಅಂದು ಕಣಕ್ಕಿಳಿಯಲಿಲ್ಲ. ಮೇಲಿ ಅವರು ಆ ಜಾಗಕ್ಕೆ ಕ್ವಿನ್ ಅವರನ್ನು ಎಡ ಅಂಚಿನಿಂದ ತಂದು ನಿಲ್ಲಿಸಿದರು.

ಸುಮಾರು 65,000 ಜನ ನೆರೆದಿದ್ದ ಪಂದ್ಯದ ಮೊದಲ ಕಾಲು ಗಂಟೆಯೊಳಗೇ ಫಿನ್ಲೆ ಸ್ಪೀಡಿ ಅವರ ಎರಡು ಗೋಲುಗಳಿಂದ ರೇಂಜರ್ಸ್ ಮುಂದಾಯಿತು. ವಿರಾಮಕ್ಕೆ ಮೊದಲೇ ಕ್ವಿನ್ ಎರಡು ಗೋಲು ಹೊಡೆದು ಸಮ ಮಾಡಿದರು. ಆಟ ಮುಗಿಯಲು ಇನ್ನು ಕೆಲವೇ ನಿಮಿಷಗಳಿದ್ದಾಗ, ರೇಂಜರ್ಸ್‌ನ ಅನುಭವಿ ಫುಲ್‌ಬ್ಯಾಕ್‌ಗಳಾದ ನಿಕೋಲ್ ಸ್ಮಿತ್ ಮತ್ತು ಜಾಕ್ ಡ್ರಮಂಡ್ ಕಾವಲಿದ್ದ ಕಡೆಗೇ ಚೆಂಡು ಹಿಡಿದು ನುಗ್ಗಿ ಮೂರನೆಯದನ್ನೂ ಹೊಡೆದರು. ಇಡೀ ಇಪ್ಪತ್ತನೆಯ ಶತಮಾನದಲ್ಲಿ ಸ್ಕಾಟಿಷ್ ಕಪ್ ಫೈನಲ್‌ನಲ್ಲಿ ಹ್ಯಾಟ್ರಿಕ್ ಗಳಿಸಿದವರು ಮೂವರೇ: 1904ರಲ್ಲಿ ಕ್ವಿನ್, 1972ರಲ್ಲಿ ಡಿಕ್ಸಿ ಡೀನ್ಸ್, 1996ರಲ್ಲಿ ಗಾರ್ಡನ್ ಡ್ಯೂರಿ. ಬೆನೆಟ್ ತಂಡಕ್ಕೆ ಮರಳಿದಾಗ ಅವರಿಗೆ ಸಿಕ್ಕಿದ್ದು ಬಲ ಅಂಚು. 1908ರಲ್ಲಿ ಅವರು ರೇಂಜರ್ಸ್‌ಗೆ ಹೋದರು ಕೂಡ.

ಈ ಫೈನಲ್‌ಗೆ ಮುನ್ನ ‘ಸ್ಕಾಟಿಷ್ ರೆಫರಿ’ ಎಂಬ ಕ್ರೀಡಾಪತ್ರಿಕೆ ಒಂದು ವ್ಯಂಗ್ಯಚಿತ್ರ ಪ್ರಕಟಿಸಿತು. ಎರಡೂ ಕ್ಲಬ್ಬುಗಳನ್ನು ಒಂದೇ ಹಳೆಯ ವ್ಯಾಪಾರ ಸಂಸ್ಥೆಯೆಂದು ಕರೆದು, ಆ ಅಂಗಡಿಗೆ ಗಿರಾಕಿಗಳಾಗಿರೆಂದು ಜನರಿಗೆ ಕರೆಕೊಡುವ ಹಾಸ್ಯ ಅದರಲ್ಲಿತ್ತು. ಇವರಿಬ್ಬರ ಜಗಳದಿಂದ ಇಬ್ಬರ ಗಲ್ಲಾಪೆಟ್ಟಿಗೆಯೂ ತುಂಬುತ್ತದೆ ಎಂಬುದು ಅದರ ಕುಟುಕು. ‘ಓಲ್ಡ್ ಫರ್ಮ್’ ಎಂಬ ಹೆಸರು ಬಳಕೆಗೆ ಬಂದದ್ದಕ್ಕೆ ಈ ಚಿತ್ರವನ್ನೇ ಮೂಲವಾಗಿ ತೋರಿಸುತ್ತಾರೆ. ಹೆಸರು ಮೂಡಿದ ವಾರದಲ್ಲೇ ಆ ಪೈಪೋಟಿಗೆ ಒಬ್ಬ ನಾಯಕನೂ ದೊರೆತಂತಾಯಿತು.

ಎರಡು ಉಚ್ಚಾಟನೆಗಳು

ನಾಯಕ ಖಳನಾಗಲು ಒಂದು ವರ್ಷ ಸಾಕಾಯಿತು. 1905ರ ಮಾರ್ಚ್ 25ರಂದು ಸೆಲ್ಟಿಕ್ ಪಾರ್ಕ್‌ನಲ್ಲಿ ನಡೆದ ಕಪ್ ಸೆಮಿಫೈನಲ್‌ನಲ್ಲಿ ರೇಂಜರ್ಸ್ ಎರಡು ಗೋಲುಗಳಿಂದ ಮುಂದಿತ್ತು. ರೇಂಜರ್ಸ್‌ನ ಅಲೆಕ್ ಕ್ರೇಗ್ ಮತ್ತು ಕ್ವಿನ್ ಚೆಂಡಿಗಾಗಿ ಸೆಣಸಿದಾಗ ಕ್ರೇಗ್ ಬಿದ್ದು ಕ್ವಿನ್ ಅವರ ಕಾಲು ಹಿಡಿದುಕೊಂಡರು. ಕ್ವಿನ್ ಕಾಲು ಕೊಡವಿ ಬಿಡಿಸಿಕೊಂಡರು. ಬಿದ್ದವನ ಮುಖಕ್ಕೆ ಒದ್ದರೆಂದು ಭಾವಿಸಿದ ರೆಫರಿ ಅವರನ್ನು ಹೊರಗೆ ಕಳಿಸಿದರು. ಸಿಟ್ಟಿಗೆದ್ದ ಪ್ರೇಕ್ಷಕರು ಮೈದಾನಕ್ಕೆ ನುಗ್ಗಿದ್ದರಿಂದ ಆಟ ನಿಂತಿತು, ಸೆಲ್ಟಿಕ್ ಸೋಲೊಪ್ಪಿಕೊಂಡಿತು. ಮುಂದೆ ವಿಚಾರಣೆ ನಡೆದಾಗ ಕ್ವಿನ್ ತನ್ನನ್ನು ಒದೆಯಲಿಲ್ಲವೆಂದು ಸ್ವತಃ ಕ್ರೇಗ್ ಅವರೇ ಹೇಳಿದರು. ಆದರೂ ಸ್ಕಾಟಿಷ್ ಫುಟ್‌ಬಾಲ್ ಅಸೋಸಿಯೇಷನ್ ರೆಫರಿಯ ಮಾತನ್ನೇ ಎತ್ತಿಹಿಡಿದು ಕ್ವಿನ್ ಅವರಿಗೆ ಒಂದು ತಿಂಗಳ ನಿಷೇಧ ಹೇರಿತು.

ಆ ಋತುವಿನ ಲೀಗ್‌ನಲ್ಲಿ ಎರಡೂ ತಂಡಗಳು ತಲಾ 41 ಅಂಕ ಪಡೆದು ಸಮನಾದವು. ಗೋಲುಗಳ ಸರಾಸರಿಯಿಂದ ವಿಜೇತರನ್ನು ತೀರ್ಮಾನಿಸುವ ಪದ್ಧತಿ ಆಗ ಇರಲಿಲ್ಲವಾಗಿ ಮೇ 6ರಂದು ಹ್ಯಾಂಪ್ಡನ್‌ನಲ್ಲಿ ನಿರ್ಣಾಯಕ ಪಂದ್ಯ ಏರ್ಪಟ್ಟಿತು. ಮಾರ್ಚ್‌ನ ಗಲಭೆ ಇನ್ನೂ ಹಸಿಯಾಗಿದ್ದುದರಿಂದ ರೆಫರಿಯನ್ನು ಇಂಗ್ಲೆಂಡಿನಿಂದ ಕರೆಸಲಾಯಿತು. ಸೆಲ್ಟಿಕ್ 2–1ರಿಂದ ಗೆದ್ದಿತು.

1907ರ ಹೊಸವರ್ಷದ ದಿನ ಐಬ್ರಾಕ್ಸ್‌ನಲ್ಲಿ ಕ್ವಿನ್ ಮತ್ತೆ ಹೊರಹೋಗಬೇಕಾಯಿತು. ರೇಂಜರ್ಸ್‌ನ ಜೋ ಹೆಂಡ್ರಿ ಅವರನ್ನು ಒದ್ದ ಆರೋಪಕ್ಕೆ ಈ ಬಾರಿ ಎರಡು ತಿಂಗಳ ನಿಷೇಧ. ನಿಷೇಧವೆಂದರೆ ಆಟಗಾರನ ಆದಾಯಕ್ಕೆ ಕತ್ತರಿ. ಅಭಿಮಾನಿಗಳು ವಂತಿಗೆ ಎತ್ತಿ ನೆರವಾದರು. ಕ್ವಿನ್ ಒರಟರೋ, ಒರಟುತನಕ್ಕೆ ಬಲಿಯಾದವರೋ ಎಂಬ ಪ್ರಶ್ನೆ ಪತ್ರಿಕೆಗಳಲ್ಲಿ ವಾರಗಟ್ಟಲೆ ಚರ್ಚೆಯಾಯಿತು. ಯಾರ ಉತ್ತರ ಏನೆಂಬುದು ಬಹುಮಟ್ಟಿಗೆ ಅವರ ಕ್ಲಬ್ ಯಾವುದೆಂಬುದನ್ನು ಅವಲಂಬಿಸಿತ್ತು.

ಸತತ ಆರು ಪ್ರಶಸ್ತಿ

1905ರಿಂದ 1910ರವರೆಗೆ ಸೆಲ್ಟಿಕ್ ಸತತ ಆರು ಬಾರಿ ಲೀಗ್ ಗೆದ್ದಿತು. ಜಿಮ್ ಯಂಗ್, ವಿಲ್ಲಿ ಲೋನಿ, ಜೇಮ್ಸ್ ಹೇ ಹಾಫ್‌ಬ್ಯಾಕ್ ಸಾಲಿನಲ್ಲೂ ಬೆನೆಟ್, ಜಿಮ್ಮಿ ಮೆಕ್‌ಮೆನೆಮಿ, ಕ್ವಿನ್, ಪೀಟರ್ ಸೋಮರ್ಸ್, ಡೇವಿ ಹ್ಯಾಮಿಲ್ಟನ್ ಫಾರ್ವರ್ಡ್ ಸಾಲಿನಲ್ಲೂ ಆಡಿದರು. ಕೆಲಸದ ಹಂಚಿಕೆ ಸ್ಪಷ್ಟವಾಗಿತ್ತು. ಮೆಕ್‌ಮೆನೆಮಿ ಮತ್ತು ಸೋಮರ್ಸ್ ಸಣ್ಣ ಪಾಸುಗಳಿಂದ ಆಟ ಹೆಣೆಯುತ್ತಿದ್ದರು. ಎದುರಾಳಿ ರಕ್ಷಕರನ್ನು ತನ್ನತ್ತ ಸೆಳೆದು ಈ ಇಬ್ಬರಿಗೆ ಜಾಗ ಮಾಡಿಕೊಡುವುದು, ಚೆಂಡು ಬಂದೊಡನೆ ನೇರವಾಗಿ ಗೋಲಿಗೆ ನುಗ್ಗುವುದು ಕ್ವಿನ್ ಪಾಲಿನ ಕೆಲಸ. ಸ್ಕಾಟ್ಲೆಂಡಿನ ಹಳೆಯ ಪಾಸಿಂಗ್ ಪರಂಪರೆಗೆ ಬಲ ಮತ್ತು ವೇಗವನ್ನು ಸೇರಿಸಿದ್ದು ಈ ತಂಡದ ಗುಟ್ಟು.

1907ರಲ್ಲಿ ಲೀಗ್ ಜೊತೆಗೆ ಕಪ್ಪನ್ನೂ ಗೆದ್ದ ಸೆಲ್ಟಿಕ್, ಒಂದೇ ಋತುವಿನಲ್ಲಿ ಎರಡನ್ನೂ ಪಡೆದ ಮೊದಲ ಸ್ಕಾಟಿಷ್ ಕ್ಲಬ್ ಎನಿಸಿತು. 1907–08ರಲ್ಲಿ ಲೀಗ್, ಸ್ಕಾಟಿಷ್ ಕಪ್, ಗ್ಲಾಸ್ಗೋ ಕಪ್, ಗ್ಲಾಸ್ಗೋ ಚಾರಿಟಿ ಕಪ್ ನಾಲ್ಕೂ ಅದರ ಕೈಸೇರಿದವು. ಆ ವರ್ಷದ ಕಪ್ ಫೈನಲ್‌ನಲ್ಲಿ ಸೇಂಟ್ ಮಿರೆನ್ ವಿರುದ್ಧದ 5–1ರ ಗೆಲುವಿನಲ್ಲಿ ಒಂದು ಗೋಲು ಕ್ವಿನ್ ಅವರದು. 1908–09ರ ಋತುವಿನ ಕೊನೆಗೆ ಬಾಕಿ ಪಂದ್ಯಗಳು ರಾಶಿಬಿದ್ದು, ಹನ್ನೆರಡು ದಿನಗಳಲ್ಲಿ ಎಂಟು ಲೀಗ್ ಪಂದ್ಯ ಆಡಬೇಕಾಗಿ ಬಂದರೂ ಸೆಲ್ಟಿಕ್ 51 ಅಂಕ ಗಳಿಸಿ, 50 ಅಂಕಗಳ ಡಂಡಿಯನ್ನು ಹಿಂದಿಕ್ಕಿತು. ಸತತ ಆರು ಪ್ರಶಸ್ತಿಗಳ ಈ ದಾಖಲೆಯನ್ನು ಸರಿಗಟ್ಟಿದ್ದು 1971ರಲ್ಲಿ, ಜಾಕ್ ಸ್ಟೀನ್ ಅವರ ಸೆಲ್ಟಿಕ್ ತಂಡ.

1909: ಕೊಡದೇ ಉಳಿದ ಕಪ್

1909ರ ಕಪ್ ಫೈನಲ್‌ನಲ್ಲಿ ಮತ್ತೆ ಸೆಲ್ಟಿಕ್–ರೇಂಜರ್ಸ್. ಏಪ್ರಿಲ್ 10ರ ಪಂದ್ಯ 2–2ರಲ್ಲಿ ಸಮನಾಯಿತು. ಒಂದು ವಾರದ ನಂತರದ ಮರುಪಂದ್ಯದಲ್ಲಿ ರೇಂಜರ್ಸ್ ಮುಂದಿದ್ದಾಗ ಕ್ವಿನ್ ಗೋಲು ಹೊಡೆದು 1–1 ಮಾಡಿದರು. ಸಮಯ ಮುಗಿದಾಗ ಕೆಲವು ಆಟಗಾರರು ಮೈದಾನದಲ್ಲೇ ಉಳಿದದ್ದರಿಂದ ಹೆಚ್ಚುವರಿ ಅವಧಿ ಇರಬಹುದೆಂದು ಪ್ರೇಕ್ಷಕರು ಭಾವಿಸಿದರು. ನಿಯಮದಂತೆ ಇನ್ನೊಂದು ಮರುಪಂದ್ಯವೇ ಆಗಬೇಕಿತ್ತು. ಮತ್ತೊಮ್ಮೆ ಟಿಕೆಟ್ ಮಾರಲು ಪಂದ್ಯಗಳನ್ನು ಬೇಕೆಂದೇ ಸಮ ಮಾಡಲಾಗುತ್ತಿದೆ ಎಂಬ ಗುಮಾನಿ ಮೊದಲೇ ಹರಡಿತ್ತು. ಸಾವಿರಾರು ಜನ ಒಳನುಗ್ಗಿ ಗೋಲ್‌ಕಂಬಗಳನ್ನು ಕಿತ್ತರು, ಟಿಕೆಟ್ ಕಟ್ಟೆಗಳಿಗೆ ಬೆಂಕಿ ಹಚ್ಚಿದರು, ನಂದಿಸಲು ಬಂದ ಅಗ್ನಿಶಾಮಕ ದಳದ ನೀರಿನ ಕೊಳವೆಗಳನ್ನು ಕತ್ತರಿಸಿದರು. ಈ ದೊಂಬಿಯಲ್ಲಿ ಎರಡೂ ಕಡೆಯ ಬೆಂಬಲಿಗರು ಒಟ್ಟಾಗಿದ್ದರೆಂಬುದು ಗಮನಾರ್ಹ; ಅವರ ಸಿಟ್ಟು ಪರಸ್ಪರರ ಮೇಲಿಗಿಂತ ವ್ಯವಸ್ಥಾಪಕರ ಮೇಲೆ ತಿರುಗಿತ್ತು. ಇನ್ನೊಮ್ಮೆ ಆಡಲು ಎರಡೂ ಕ್ಲಬ್ಬುಗಳು ಒಪ್ಪಲಿಲ್ಲ. ಆ ವರ್ಷ ಕಪ್ಪನ್ನಾಗಲಿ ಪದಕಗಳನ್ನಾಗಲಿ ಯಾರಿಗೂ ಕೊಡಲಿಲ್ಲ. 1907 ಮತ್ತು 1908ರಲ್ಲಿ ಕಪ್ ಗೆದ್ದಿದ್ದ ಸೆಲ್ಟಿಕ್‌ಗೆ ಸತತ ಮೂರನೆಯದು ತಪ್ಪಿಹೋಯಿತು.

ದೇಶದ ತಂಡದಲ್ಲಿ

ಆ ಕಾಲದಲ್ಲಿ ಅಂತರರಾಷ್ಟ್ರೀಯ ಪಂದ್ಯಗಳೆಂದರೆ ಇಂಗ್ಲೆಂಡ್, ವೇಲ್ಸ್, ಐರ್ಲೆಂಡ್‌ಗಳೊಂದಿಗೆ ವರ್ಷಕ್ಕೆ ಮೂರು ಆಟ ಮಾತ್ರ. ಹಾಗಾಗಿ 1905ರಿಂದ 1912ರವರೆಗಿನ 11 ಪಂದ್ಯಗಳು ಕಡಿಮೆಯೇನಲ್ಲ. 1908ರ ಮಾರ್ಚ್ 14ರಂದು ಡಬ್ಲಿನ್‌ನಲ್ಲಿ ಐರ್ಲೆಂಡನ್ನು ಸ್ಕಾಟ್ಲೆಂಡ್ 5–0ಯಿಂದ ಸೋಲಿಸಿದಾಗ ನಾಲ್ಕು ಗೋಲು ಕ್ವಿನ್ ಹೊಡೆದರು. ಐರಿಷ್ ವಲಸಿಗರ ಮಗ ಐರ್ಲೆಂಡಿನ ನೆಲದಲ್ಲೇ ಸ್ಕಾಟ್ಲೆಂಡಿಗೆ ತಂದ ಗೆಲುವು ಅದು. ಅದೇ ವರ್ಷ ಹ್ಯಾಂಪ್ಡನ್‌ನಲ್ಲಿ ಇಂಗ್ಲೆಂಡ್ ವಿರುದ್ಧದ 1–1ರ ಪಂದ್ಯಕ್ಕೆ 1,21,452 ಜನ ಸೇರಿದ್ದರು. 1910ರಲ್ಲಿ ಅಲ್ಲಿಯೇ ಇಂಗ್ಲೆಂಡನ್ನು 2–0ಯಿಂದ ಸೋಲಿಸಿದಾಗ ಎರಡು ಗೋಲುಗಳೂ ಸೆಲ್ಟಿಕ್ ಜೋಡಿಯವು: ಒಂದು ಮೆಕ್‌ಮೆನೆಮಿ, ಇನ್ನೊಂದು ಕ್ವಿನ್. 1912ರಲ್ಲಿ 1,27,307 ಜನರೆದುರು ಅವರು ಇಂಗ್ಲೆಂಡ್ ವಿರುದ್ಧ ಕೊನೆಯ ಬಾರಿ ಆಡಿದರು.

ಕೊನೆಯ ವರ್ಷಗಳು

1911ರ ಕಪ್ ಫೈನಲ್ ಮರುಪಂದ್ಯದಲ್ಲಿ ಹ್ಯಾಮಿಲ್ಟನ್ ಅಕಾಡೆಮಿಕಲ್ ವಿರುದ್ಧದ 2–0 ಗೆಲುವಿನಲ್ಲಿ ಕ್ವಿನ್ ಗೋಲು ಗಳಿಸಿದರು. 1912ರಲ್ಲಿ ಕ್ಲೈಡ್ ತಂಡವನ್ನು ಸೋಲಿಸಿ ಐದನೆಯ ಕಪ್ ಪದಕ ಪಡೆದರು. ಅಷ್ಟರಲ್ಲಿ ದಶಕ ಕಾಲದ ಗುದ್ದಾಟದಿಂದ ಮೊಣಕಾಲು ಸೋತಿತ್ತು. ಪ್ಯಾಟ್ಸಿ ಗ್ಯಾಲಕರ್‌ರಂಥ ಹೊಸಬರು ಬಂದಿದ್ದರು. 1914ರಲ್ಲಿ ಸೆಲ್ಟಿಕ್ ಮತ್ತೆ ಲೀಗ್ ಮತ್ತು ಕಪ್ ಎರಡನ್ನೂ ಗೆದ್ದಾಗ ಕಪ್ ಫೈನಲ್‌ನಲ್ಲಿ ಕ್ವಿನ್ ಇರಲಿಲ್ಲ. ಮಹಾಯುದ್ಧ ಆರಂಭವಾದ ಮರುವರ್ಷ, 1915ರಲ್ಲಿ ಅವರ ಆಟ ಮುಗಿಯಿತು.

ಆ ಪೀಳಿಗೆಯ ವೃತ್ತಿಪರ ಆಟಗಾರರಿಗೆ ಫುಟ್‌ಬಾಲ್ ಸಂಬಳ ಕೊಟ್ಟಿತೇ ಹೊರತು ಬದುಕಿಗೆ ಆಗುವಷ್ಟು ಆಸ್ತಿ ಕೊಡಲಿಲ್ಲ. ಕ್ವಿನ್ ಕ್ರೋಯ್‌ಗೆ ಮರಳಿ ಮತ್ತೆ ಗಣಿ ಕೆಲಸಕ್ಕೆ ಇಳಿದರು, 1945ರಲ್ಲಿ ತೀರಿಕೊಂಡರು. ಅವರ ಗೋಲುಗಳ ಸಂಖ್ಯೆಯನ್ನು ಎರಡು ಯುದ್ಧಗಳ ನಡುವಿನ ಕಾಲದಲ್ಲಿ ಅದೇ ಸ್ಥಾನದಲ್ಲಿ ಆಡಿದ ಜಿಮ್ಮಿ ಮೆಕ್‌ಗ್ರೋರಿ ದಾಟಿದರು. ಆದರೆ ಮೆಕ್‌ಗ್ರೋರಿ ಬಂದಾಗ ಓಲ್ಡ್ ಫರ್ಮ್ ಪಂದ್ಯವೆಂಬುದು ಆಗಲೇ ನೆಲೆನಿಂತ ಸಂಸ್ಥೆಯಾಗಿತ್ತು: ಲಾಭ ತರುವ, ಭದ್ರತೆ ಬೇಡುವ, ರೆಫರಿಯ ಪ್ರತಿ ತೀರ್ಪನ್ನೂ ಎರಡು ಬಣ್ಣಗಳಲ್ಲಿ ನೋಡುವ ಸಂಸ್ಥೆ. ಅದು ಹಾಗೆ ರೂಪುಗೊಂಡ ವರ್ಷಗಳಲ್ಲಿ ಒಂದು ಕಡೆಗೆ ಗೆಲುವಿನ ಮುಖವಾಗಿಯೂ ಇನ್ನೊಂದು ಕಡೆಗೆ ದೂರಿನ ಗುರಿಯಾಗಿಯೂ ನಿಂತವರು ಕ್ವಿನ್.