ಸ್ಕಾರ್ಫು, ಕೋಲು, ಗುಡಾರ: ಸ್ಕೌಟ್ ಸರಂಜಾಮು ಸಾಗಿಬಂದ ದಾರಿ

1907ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸ್ಕೌಟ್ ಚಳವಳಿಯ ಸ್ಥಾಪಕ, ಸೇನಾಧಿಕಾರಿ ಬೇಡನ್ ಪೊವೆಲ್ ಸುಮಾರು 20 ಹುಡುಗರನ್ನು ಕೂಡಿಸಿ ಶಿಬಿರ ಹೂಡಿದರು. ಆಗ ಸಮವಸ್ತ್ರವೇ ಇರಲಿಲ್ಲ. ಮನೆಯಿಂದ ತೊಟ್ಟು ಬಂದ ಬಟ್ಟೆ, ಭುಜದ ಮೇಲೆ ದಳದ ಬಣ್ಣದ ಗುರುತು, ಮಲಗಲು ಸೈನ್ಯದ ಮಾದರಿಯ ಗುಡಾರ, ಇಷ್ಟೇ. ಅಗಲ ಅಂಚಿನ ಟೋಪಿ, ಖಾಕಿ ಅಂಗಿ, ಚಡ್ಡಿ ಆಮೇಲೆ ಬಂದವು. ಬೇಡನ್ ಪೊವೆಲ್ ದಕ್ಷಿಣ ಆಫ್ರಿಕಾದಲ್ಲಿ ಕಟ್ಟಿದ ಪೊಲೀಸ್ ಪಡೆಯ ಉಡುಪೇ ಇದಕ್ಕೆ ಮಾದರಿ. ಖಾಕಿ ಮಾತ್ರ ಭಾರತದಿಂದ ಹೋದದ್ದು. 19ನೇ ಶತಮಾನದಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯ ಖಾಕಿ ಬಟ್ಟೆಗೆ ಹೆಸರಿತ್ತು.

ಆ ಉಡುಪಿನ ಹೆಚ್ಚುಗಾರಿಕೆ ಅಂದದಲ್ಲಿರಲಿಲ್ಲ, ಕೆಲಸಕ್ಕೆ ಒದಗುವುದರಲ್ಲಿತ್ತು. ಕೊರಳ ಸ್ಕಾರ್ಫನ್ನು ಬಿಚ್ಚಿದರೆ ಮುರಿದ ಕೈಗೆ ಜೋಳಿಗೆ. ಎರಡು ಕೋಲುಗಳನ್ನು ಗುಂಡಿ ಹಾಕಿದ ಅಂಗಿಗಳ ತೋಳಿನೊಳಗೆ ತೂರಿಸಿದರೆ ಗಾಯಾಳುವಿಗೆ ಸ್ಟ್ರೆಚರ್. ಪಶ್ಚಿಮ ಆಫ್ರಿಕಾದ ಅಶಾಂತಿ ದಂಡಯಾತ್ರೆಯಲ್ಲಿ ಜೌಗಿನ ಆಳ ನೋಡಲು ಕೋಲು ಬಳಸಿದ್ದನ್ನು ಬೇಡನ್ ಪೊವೆಲ್ ಮರೆತಿರಲಿಲ್ಲ. ಅಳತೆಯ ಗುರುತು ಕೊರೆದ ಸ್ಕೌಟ್ ಕೋಲು ಇಂದು ಬಹುಪಾಲು ಶಾಲಾ ದಳಗಳಲ್ಲಿ ಕಾಣುವುದಿಲ್ಲ. ಉಡುಪು ಕವಾಯತಿಗೆ ಸೀಮಿತವಾದಷ್ಟೂ ಕೋಲು ಮೂಲೆ ಸೇರಿತು. ಇದು ದೊಡ್ಡ ನಷ್ಟ.

ಭಾರತದ ಮೊದಲ ಸ್ಕೌಟ್ ದಳ 1909ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿತು. ಕಟ್ಟಿದವರು ಕ್ಯಾಪ್ಟನ್ ಟಿ. ಎಚ್. ಬೇಕರ್. ಆದರೆ ಭಾರತೀಯ ಹುಡುಗರಿಗೆ ಅಲ್ಲಿ ಪ್ರವೇಶವಿರಲಿಲ್ಲ. 1917ರಲ್ಲಿ ಆನಿ ಬೆಸೆಂಟ್ ಮದರಾಸಿನಲ್ಲಿ ಬೇರೆಯೇ ಸಂಘ ಕಟ್ಟಿ, ಟೋಪಿಯ ಬದಲು ಪೇಟ ಸುತ್ತಿಸಿದರು. ಬಿಸಿಲಿಗೂ ಸ್ವಾಭಿಮಾನಕ್ಕೂ ಒಗ್ಗಿದ ಬದಲಾವಣೆ ಅದು. ಹಲವು ಸಂಘಗಳು ಕೂಡಿ 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಯಿತು. ಮುಂದೆ ಖಾಕಿ ಹೋಗಿ ಬೂದು ಅಂಗಿ, ಕಡುನೀಲಿ ಚಡ್ಡಿ ಅಥವಾ ಪ್ಯಾಂಟು, ನೀಲಿ ಬೆರೆಟ್ ಟೋಪಿ ಬಂದವು, ಸಿಖ್ಖರಿಗೆ ಪೇಟ. ಬ್ರಿಟನ್ನಿನಲ್ಲೂ 1966ರ ಸ್ಕೌಟ್ ಸುಧಾರಣಾ ವರದಿಯ ನಂತರ ಅಗಲ ಟೋಪಿ, ಚಡ್ಡಿ ಹಿಂದೆ ಸರಿದವು.

ಗುಡಾರದ್ದು ಬೇರೆ ಕಥೆ. ಹತ್ತಿಯ ಕ್ಯಾನ್ವಾಸ್ ನೆನೆದಾಗ ನೂಲು ಉಬ್ಬಿ ನೇಯ್ಗೆಯ ಸಂದುಗಳು ಮುಚ್ಚುತ್ತವೆ, ಮಳೆ ಒಳಗಿಳಿಯುವುದಿಲ್ಲ. ಆದರೆ ಅದು ಹೊರಲಾರದ ಭಾರ. ಒದ್ದೆಯಲ್ಲೇ ಮಡಿಸಿಟ್ಟರೆ ಬೂಷ್ಟು. ನೈಲಾನ್, ಪಾಲಿಯೆಸ್ಟರ್ ಬಂದು, ಬಾಗುವ ಕಂಬಿಗಳ ಗುಮ್ಮಟ ಗುಡಾರ ಹರಡಿದ ಮೇಲೆ ಹತ್ತು ವರ್ಷದ ಮಗುವೂ ತನ್ನ ಸೂರನ್ನು ತಾನೇ ಹೊರುವಂತಾಯಿತು. ಬೆಂಕಿಯ ಕಿಡಿ ಬಿದ್ದರೆ ಮಾತ್ರ ನೈಲಾನ್ ಕರಗಿ ತೂತು. ಒಳಗಿನ ಉಸಿರು ಬೆಳಗಿನ ಜಾವಕ್ಕೆ ಹನಿಯಾಗಿ ಮೈಮೇಲೆ ತೊಟ್ಟಿಕ್ಕುತ್ತದೆ. ಶಿಬಿರಾಗ್ನಿಯ ಸುತ್ತ ಕೂರುವ ಮಕ್ಕಳಿಗೆ, ಕಿಡಿಗೆ ಕರಗದ ಹತ್ತಿಯ ಅಂಗಿಯೇ ಇಂದಿಗೂ ಕ್ಷೇಮ.

ಅಂಗಡಿಯ ಸಾಮಾನು ಹೆಚ್ಚಿದರೂ ಬಿದಿರು ಗಳ, ಹುರಿಹಗ್ಗಗಳ ವಿದ್ಯೆ ಉಳಿದಿದೆ. ಮೊಳೆಯಿಲ್ಲದೆ, ಬರೀ ಗಂಟು ಬಿಗಿದು ಚಪ್ಪಲಿ ಗೂಡು, ಪಾತ್ರೆ ಹಲಗೆ, ಹೆಬ್ಬಾಗಿಲು ಕಟ್ಟುವ ಮಕ್ಕಳು ಕೊಂಡ ಗುಡಾರದಲ್ಲಿ ಮಲಗುವವರಿಗಿಂತ ಹೆಚ್ಚು ಕಲಿಯುತ್ತಾರೆಂಬುದು ನನ್ನ ದೃಢ ನಂಬಿಕೆ.

2023ರಲ್ಲಿ ದಕ್ಷಿಣ ಕೊರಿಯಾದ ಸೆಮಾಂಗಮ್‌ನಲ್ಲಿ ನಡೆದ ವಿಶ್ವ ಸ್ಕೌಟ್ ಮೇಳವಾದ ಜಾಂಬೋರಿಗೆ 40,000ಕ್ಕೂ ಹೆಚ್ಚು ಮಂದಿ ಬಂದಿದ್ದರು. ಕಡಲನ್ನು ಒತ್ತರಿಸಿ ಮಾಡಿದ, ಮರವಿಲ್ಲದ ಬಯಲು. ನೂರಾರು ಮಂದಿ ಬಿಸಿಲ ಝಳಕ್ಕೆ ಅಸ್ವಸ್ಥರಾದರು. ಚಂಡಮಾರುತದ ಭಯಕ್ಕೆ ಕೊನೆಗೆ ಶಿಬಿರವನ್ನೇ ತೆರವುಗೊಳಿಸಿದರು. ಮಳೆ ತಡೆಯಲೆಂದೇ ನೂರು ವರ್ಷ ತಿದ್ದಿದ ಗುಡಾರವನ್ನು ಈಗ ಬಿಸಿಲಿಗಾಗಿ ತಿದ್ದಬೇಕಾಗಿದೆ: ಎತ್ತರಕ್ಕೆ ಕಟ್ಟಿದ ಟಾರ್ಪಾಲಿನ ನೆರಳು, ಗಾಳಿಯಾಡುವ ಬದಿಗಳು, ಮತ್ತೆ ಅಗಲ ಅಂಚಿನ ಟೋಪಿ.