ದತ್ತಸಂಚಯ ತಂತ್ರಾಂಶದ ಅಳವಡಿಕೆಗೆ ಮುನ್ನ ಗಣಕಯಂತ್ರದ ಪೂರ್ವಸಿದ್ಧತೆ

ರೈತ ಉತ್ಪಾದಕ ಸಂಸ್ಥೆಗಳು, ಸಹಕಾರ ಸಂಘಗಳು ಹಾಗೂ ರೈತ ಸಂಪರ್ಕ ಕೇಂದ್ರಗಳಲ್ಲಿ ಸದಸ್ಯರ ವಿವರ, ಮಣ್ಣು ಪರೀಕ್ಷೆಯ ಫಲಿತಾಂಶ, ಮಳೆಯ ಪ್ರಮಾಣ, ಬೀಜ ಹಾಗೂ ಗೊಬ್ಬರ ವಿತರಣೆಯ ದಾಖಲೆಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತವೆ. ಇವನ್ನು ಎಕ್ಸೆಲ್ ಹಾಳೆಗಳಲ್ಲಿ ನಿರ್ವಹಿಸುವುದು ಕಷ್ಟವಾದಾಗ ದತ್ತಸಂಚಯ ತಂತ್ರಾಂಶದ ಅಗತ್ಯ ಬೀಳುತ್ತದೆ. ಉಚಿತವಾಗಿ ದೊರೆಯುವ ಪೋಸ್ಟ್‌ಗ್ರೆಸ್‌ಕ್ಯೂಎಲ್ ತಂತ್ರಾಂಶವನ್ನು ವಿಂಡೋಸ್ ಗಣಕಯಂತ್ರದಲ್ಲಿ ಅಳವಡಿಸುವ ಮೊದಲು ಕೈಗೊಳ್ಳಬೇಕಾದ ಕ್ರಮಗಳನ್ನು ಇಲ್ಲಿ ತಿಳಿಸಲಾಗಿದೆ.

ಅಳವಡಿಕೆ ಕೆಲವೇ ನಿಮಿಷಗಳ ಕೆಲಸ. ಆದರೆ ಸಿದ್ಧತೆಯಿಲ್ಲದೆ ತೊಡಗಿದರೆ ಹಳೆಯ ದಾಖಲೆಗಳು ನಷ್ಟವಾಗಬಹುದು. ಕಳೆದ ವರ್ಷ ಸುರಿದ ಮಳೆಯನ್ನು ಮತ್ತೆ ಅಳೆಯಲಾಗದು. ಐದು ವರ್ಷಗಳ ಹಿಂದಿನ ಮಣ್ಣಿನ ಮಾದರಿಯನ್ನು ಮತ್ತೆ ತೆಗೆಯಲಾಗದು.

1. ಹಳೆಯ ದಾಖಲೆಗಳ ಪ್ರತಿ

ಎಲ್ಲಕ್ಕೂ ಮೊದಲು, ಈಗಿರುವ ಕಡತಗಳ ಎರಡು ಪ್ರತಿಗಳನ್ನು ಮಾಡಿಕೊಳ್ಳಿ. ಒಂದನ್ನು ಕಚೇರಿಯಲ್ಲಿಯೂ ಇನ್ನೊಂದನ್ನು ಬೇರೆ ಕಟ್ಟಡದಲ್ಲಿಯೂ ಇರಿಸಿ. ಪ್ರತಿ ಮಾಡಿದರಷ್ಟೇ ಸಾಲದು. ಅದನ್ನು ಮತ್ತೊಂದು ಗಣಕಯಂತ್ರದಲ್ಲಿ ತೆರೆದು, ಕೊನೆಯ ಸಾಲಿನವರೆಗೂ ಮಾಹಿತಿ ಸರಿಯಾಗಿದೆಯೇ ಎಂದು ಪರಿಶೀಲಿಸಿ.

2. ಗಣಕಯಂತ್ರದ ಅರ್ಹತೆ

• ಕಾರ್ಯಾಚರಣ ವ್ಯವಸ್ಥೆ 64 ಬಿಟ್‌ನದಾಗಿರಬೇಕು. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನ 11ನೇ ಆವೃತ್ತಿಯಿಂದ ಈಚೆಗೆ 32 ಬಿಟ್ ವಿಂಡೋಸ್‌ಗೆ ಅಳವಡಿಕೆಯ ಕಡತ ದೊರೆಯುವುದಿಲ್ಲ.
• ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಸಾಧ್ಯವಿದ್ದಲ್ಲಿ ವಿಂಡೋಸ್ 11 ಬಳಸಿ.
• ಸಣ್ಣ ಕಚೇರಿಗೆ 8 ಜಿಬಿ ರ್‍ಯಾಮ್ ಇದ್ದರೆ ಅನುಕೂಲ.
• ದತ್ತಾಂಶ ಇರಿಸುವ ಡ್ರೈವ್ ಎನ್‌ಟಿಎಫ್‌ಎಸ್ ಮಾದರಿಯದಾಗಿರಲಿ. ಪೆನ್‌ಡ್ರೈವ್‌ನಲ್ಲಾಗಲಿ, ಅಂತರಜಾಲದೊಂದಿಗೆ ತಾನಾಗಿಯೇ ಹೊಂದಾಣಿಕೆಗೊಳ್ಳುವ ಫೋಲ್ಡರ್‌ನಲ್ಲಾಗಲಿ ದತ್ತಾಂಶ ಇರಿಸಬಾರದು.

3. ವಿದ್ಯುತ್ ಮತ್ತು ಗಡಿಯಾರ

ವಿದ್ಯುತ್ ಹಠಾತ್ತನೆ ಕಡಿತಗೊಂಡರೂ ಈ ತಂತ್ರಾಂಶ ತನ್ನ ಲಾಗ್‌ನ ನೆರವಿನಿಂದ ಚೇತರಿಸಿಕೊಳ್ಳಬಲ್ಲದು. ಆದರೆ ಡಿಸ್ಕ್‌ಗೇ ಹಾನಿಯಾದರೆ ಆ ರಕ್ಷಣೆ ನೆರವಿಗೆ ಬಾರದು. ಆದ್ದರಿಂದ ಯುಪಿಎಸ್ ಅತ್ಯಗತ್ಯ. ಹಳೆಯ ಗಣಕಯಂತ್ರವನ್ನು ಪ್ರತಿ ಬಾರಿ ಚಾಲೂ ಮಾಡಿದಾಗಲೂ ದಿನಾಂಕ ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡ್‌ನ ಚಿಕ್ಕ ಬ್ಯಾಟರಿಯನ್ನು ಬದಲಿಸಿ. ಇಲ್ಲವಾದಲ್ಲಿ ಬಿತ್ತನೆ ಹಾಗೂ ವಿತರಣೆಯ ದಿನಾಂಕಗಳು ತಪ್ಪಾಗಿ ದಾಖಲಾಗುತ್ತವೆ.

4. ಕನ್ನಡ ಅಕ್ಷರಗಳ ಸಿದ್ಧತೆ

ನಮ್ಮ ಕಚೇರಿಗಳಲ್ಲಿ ಹೆಚ್ಚು ತೊಂದರೆ ಕೊಡುವ ಅಂಶವಿದು. ನುಡಿ ಅಥವಾ ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಹೆಸರುಗಳು ಆ ಫಾಂಟ್‌ನಲ್ಲಿ ಮಾತ್ರ ಕನ್ನಡವಾಗಿ ಕಾಣುತ್ತವೆ. ದತ್ತಸಂಚಯಕ್ಕೆ ಸೇರಿಸಿದೊಡನೆ ಅವು ಅರ್ಥವಿಲ್ಲದ ರೋಮನ್ ಅಕ್ಷರಗಳಾಗುತ್ತವೆ.

ಪರೀಕ್ಷಿಸುವ ವಿಧಾನ: ಪಠ್ಯವನ್ನು ಆಯ್ದು ಫಾಂಟನ್ನು ನಿರ್ಮಲಾ ಯುಐಗೆ ಬದಲಿಸಿ. ಕನ್ನಡ ಕನ್ನಡವಾಗಿಯೇ ಉಳಿದರೆ ಅದು ಯೂನಿಕೋಡ್. ಇಲ್ಲವಾದರೆ ಮೊದಲು ಪರಿವರ್ತಕ ತಂತ್ರಾಂಶದಿಂದ ಯೂನಿಕೋಡ್‌ಗೆ ಬದಲಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಕಣ್ಣಾರೆ ತಾಳೆ ನೋಡಿ.

ದತ್ತಸಂಚಯದ ಸಂಕೇತ ಪದ್ಧತಿಯಾಗಿ ಯುಟಿಎಫ್-8 ಅನ್ನೇ ಆಯ್ಕೆ ಮಾಡಿ. ಹೆಸರಿನ ಅಂಕಣಕ್ಕೆ ಧಾರಾಳ ಸ್ಥಳ ಕೊಡಿ. 'ಲಕ್ಷ್ಮಮ್ಮ' ಎಂಬುದು ಓದುವಾಗ ಮೂರೇ ಅಕ್ಷರ. ಆದರೆ ಯೂನಿಕೋಡ್‌ನ ಲೆಕ್ಕದಲ್ಲಿ 9 ಸಂಕೇತಗಳು, ಯುಟಿಎಫ್-8ರಲ್ಲಿ 27 ಬೈಟ್‌ಗಳು.

5. ಸುರಕ್ಷತೆ

• ತಂತ್ರಾಂಶವನ್ನು ಅದರ ಅಧಿಕೃತ ಜಾಲತಾಣದ ಮೂಲಕವೇ ಪಡೆಯಿರಿ. ಅಳವಡಿಸುವಾಗ ಅಡ್ಮಿನಿಸ್ಟ್ರೇಟರ್ ಖಾತೆ ಬೇಕಾಗುತ್ತದೆ. ದಿನನಿತ್ಯದ ಕೆಲಸಕ್ಕೆ ಬೇರೆ ಖಾತೆ ಬಳಸಿ.
• ಆಂಟಿವೈರಸ್ ಅನ್ನು ನಿಲ್ಲಿಸಬೇಡಿ. ದತ್ತಾಂಶದ ಫೋಲ್ಡರ್‌ಗೆ ಮಾತ್ರ ವಿನಾಯಿತಿ ನೀಡಿ.
• ತಂತ್ರಾಂಶವು ಸಾಮಾನ್ಯವಾಗಿ 5432ನೇ ಪೋರ್ಟ್ ಬಳಸುತ್ತದೆ. ಒಂದೇ ಗಣಕಯಂತ್ರದಲ್ಲಿ ಕೆಲಸ ನಡೆಯುವುದಾದರೆ ಫೈರ್‌ವಾಲ್‌ನಲ್ಲಿ ಅದನ್ನು ತೆರೆಯುವ ಅಗತ್ಯವಿಲ್ಲ.
• ಅಳವಡಿಕೆಯ ವೇಳೆ ಕೇಳುವ ಮುಖ್ಯ ಪಾಸ್‌ವರ್ಡ್ ಒಬ್ಬರ ನೆನಪಿನಲ್ಲಿ ಮಾತ್ರ ಇರಬಾರದು. ಸಿಬ್ಬಂದಿ ವರ್ಗಾವಣೆಯಾದಾಗ ಕಚೇರಿ ತೊಂದರೆಗೆ ಸಿಲುಕುತ್ತದೆ. ಲಕೋಟೆಯಲ್ಲಿ ಮೊಹರು ಮಾಡಿ ಬೀರುವಿನಲ್ಲಿಡಿ.
• ಅಗತ್ಯವಿಲ್ಲದ ಆಧಾರ್ ಮತ್ತು ಬ್ಯಾಂಕ್ ಖಾತೆ ಸಂಖ್ಯೆಗಳನ್ನು ಹೊಸ ದತ್ತಸಂಚಯಕ್ಕೆ ಸೇರಿಸಬೇಡಿ.

ಗಮನಿಸಿ

ಅಳವಡಿಕೆಯ ನಂತರ ಹತ್ತು ರೈತರ ದಾಖಲೆಗಳನ್ನು ಮಾತ್ರ ಪ್ರಾಯೋಗಿಕವಾಗಿ ಸೇರಿಸಿ. ಹೆಸರು, ಸರ್ವೆ ಸಂಖ್ಯೆ, ದಿನಾಂಕಗಳನ್ನು ಮೂಲ ವಹಿಯೊಡನೆ ಹೋಲಿಸಿ. ಎಲ್ಲವೂ ಸರಿಯಿದ್ದರೆ ಉಳಿದವನ್ನು ಸೇರಿಸಿ. ಒಂದು ಪೂರ್ಣ ಹಂಗಾಮು ಮುಗಿಯುವವರೆಗೆ ಹಳೆಯ ಕಡತಗಳನ್ನಾಗಲಿ, ಕಾಗದದ ವಹಿಗಳನ್ನಾಗಲಿ ವಿಲೇವಾರಿ ಮಾಡಬೇಡಿ.