ರೇಖಾಂಶ, ಗಡಿಯಾರ ಮತ್ತು ನಮಾಝಿನ ಸಮಯ

ಕ್ರಿ.ಶ. 997ರಲ್ಲಿ ಖ್ವಾರಿಝ್ಮ್‌ನ ಅಲ್‌ಬೀರೂನಿ ಮತ್ತು ಬಗ್ದಾದಿನ ಅಬುಲ್ ವಫಾ ಎಂಬ ವಿದ್ವಾಂಸರು ಮೊದಲೇ ನಿಶ್ಚಯಿಸಿಕೊಂಡು ಒಂದೇ ಚಂದ್ರಗ್ರಹಣವನ್ನು ತಮ್ಮ ತಮ್ಮ ನೆಲೆಗಳಿಂದ ವೀಕ್ಷಿಸಿದರು. ಗ್ರಹಣದ ಕ್ಷಣ ಒಂದೇ. ಸ್ಥಳೀಯ ವೇಳೆಯಲ್ಲಿ ಮಾತ್ರ ಸುಮಾರು ಒಂದು ಗಂಟೆಯ ವ್ಯತ್ಯಾಸ. ಅದರಿಂದಲೇ ಅವೆರಡು ಸ್ಥಳಗಳ ರೇಖಾಂಶದ ಅಂತರ ತಿಳಿಯಿತು. ಏಕೆಂದರೆ ಭೂಮಿಯು ಗಂಟೆಗೆ 15 ಡಿಗ್ರಿ ತಿರುಗುತ್ತದೆ.

1884ರ ವಾಷಿಂಗ್ಟನ್ ಸಮ್ಮೇಳನವು ಗ್ರೀನಿಚ್ ರೇಖೆಯನ್ನು ಶೂನ್ಯ ರೇಖಾಂಶವೆಂದು ಅಂಗೀಕರಿಸಿತು. ಅದಕ್ಕೆ 82.5 ಡಿಗ್ರಿ ಪೂರ್ವದಲ್ಲಿರುವ ರೇಖೆಯೇ ಭಾರತದ ಗಡಿಯಾರಕ್ಕೆ ಆಧಾರ. ಆದುದರಿಂದಲೇ ನಾವು ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದಿದ್ದೇವೆ. ಆದರೆ ಗಡಿಯಾರ ಒಂದೇ ಆಗಿದ್ದರೂ ಮಂಗಳೂರಿನಲ್ಲಿ ಸೂರ್ಯನು ನೆತ್ತಿಯಿಂದ ಪಶ್ಚಿಮಕ್ಕೆ ವಾಲುವುದು ಕೋಲ್ಕತ್ತಕ್ಕಿಂತ ಸುಮಾರು 54 ನಿಮಿಷ ತಡವಾಗಿ. ಝುಹರ್‌ನ ಸಮಯವೂ ಆಗಲೇ ಆರಂಭ. ಗಡಿಯಾರವು ಮನುಷ್ಯರ ಒಪ್ಪಂದ, ನಮಾಝಿನ ಸಮಯವು ಸೂರ್ಯನ ಚಲನೆಗೆ ಬದ್ಧ. ಪರವೂರಿನ ವೇಳಾಪಟ್ಟಿಯನ್ನು ಮನೆಯ ಗೋಡೆಗೆ ತೂಗುಹಾಕುವ ಮುನ್ನ ನಾವು ಇದನ್ನು ನೆನೆಯಬೇಕು.